ಅಲ್ಯೂಮಿನಿಯಂ ಹೆಡ್‌ನಲ್ಲಿ ಮುರಿದುಳಿದ ಎಕ್ಸಾಸ್ಟ್ ಸ್ಟಡ್: ಹೆಡ್ ಇಳಿಸದೆ ತೆಗೆಯಬಹುದೇ?

ಕಾರ್ಬ್ಯುರೇಟರ್_ಕಾಲ

ಹಳೆಯ ನಾಲ್ಕು ಸಿಲಿಂಡರ್ ಪೆಟ್ರೋಲ್ ಕಾರು. ಹೆಡ್ (ಸಿಲಿಂಡರ್‌ಗಳ ಮೇಲೆ ಕೂರುವ ಭಾಗ) ಅಲ್ಯೂಮಿನಿಯಂ, ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೊಗೆಯನ್ನು ಸೈಲೆನ್ಸರ್ ಪೈಪಿಗೆ ಒಯ್ಯುವ ಭಾಗ) ಬೀಡಿನದು, ಎಂದರೆ ಎರಕದ ಕಬ್ಬಿಣದ್ದು. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಹಿಂಬದಿಯಿಂದ ಟಿಕ್ ಟಿಕ್ ಸದ್ದು, ಬಿಸಿಯಾದ ಮೇಲೆ ಅಡಗುತ್ತದೆ. ನಾಲ್ಕನೇ ಪೋರ್ಟ್ (ಹೆಡ್ಡಿನಿಂದ ಹೊಗೆ ಹೊರಬರುವ ಬಾಯಿ) ಸುತ್ತ ಮಸಿ ಹಿಡಿದಿತ್ತು. ಮ್ಯಾನಿಫೋಲ್ಡ್ ಬಿಚ್ಚಿ ನೋಡಿದರೆ ಅದನ್ನು ಹೆಡ್ಡಿಗೆ ಹಿಡಿಯುವ ಎಂಟು ಎಂ8 ಸ್ಟಡ್‌ಗಳಲ್ಲಿ (8 ಮಿ.ಮೀ. ದಪ್ಪದ, ತಲೆಯಿಲ್ಲದ ಬೋಲ್ಟ್) ಎರಡು ಮುರಿದಿವೆ.

ಹಿಂದಿನ ತುದಿಯದು ಹೆಡ್ ಮೇಲ್ಮೈಯಿಂದ ಸುಮಾರು 4 ಮಿ.ಮೀ. ಒಳಗೆ ಮೊದಲೇ ಮುರಿದಿತ್ತು. ಮುಂದಿನ ತುದಿಯದು ನಟ್ ಬಿಚ್ಚುವಾಗ ತಿರುಚಿಕೊಂಡು ಮುರಿಯಿತು, 5 ಮಿ.ಮೀ.ಯಷ್ಟು ಹೊರಗೆ ಉಳಿದಿದೆ. ಥ್ರೆಡ್ ಎಂ8, ಪಿಚ್ (ಥ್ರೆಡ್ಡಿನ ಒಂದು ಸುತ್ತಿನಿಂದ ಮುಂದಿನದಕ್ಕೆ ಇರುವ ಅಂತರ) 1.25 ಮಿ.ಮೀ. ಹೆಡ್ ಇಳಿಸದೆ ಎರಡನ್ನೂ ತೆಗೆಯಲು ಸಾಧ್ಯವೇ? ಯಾವ ಕ್ರಮದಲ್ಲಿ ಹೋಗಬೇಕು?

ಬೀಡು_ಮತ್ತು_ಉಕ್ಕು

ಸಾಧ್ಯ ಸರ್. ಆದರೆ ಎರಡಕ್ಕೂ ಒಂದೇ ಮದ್ದಲ್ಲ. ಯಾವ ಟೂಲ್ ಹಿಡಿಯಬೇಕು ಎನ್ನುವುದಕ್ಕಿಂತ ಮೊದಲು, ಪ್ರತಿ ಸ್ಟಡ್ ಯಾಕೆ ಮುರಿಯಿತು ಎಂದು ನೋಡಿ. ಮುರಿದ ಮುಖವೇ ಅದನ್ನು ಹೇಳುತ್ತದೆ.

ಮುಖ ನುಣುಪಾಗಿ, ಒಂದು ಅಂಚಿನಿಂದ ಹೊರಟ ಬಾಗಿದ ಗೆರೆಗಳಿದ್ದು, ಮಸಿಯೋ ತುಕ್ಕೋ ಹಿಡಿದಿದ್ದು, ಕೊನೆಗೆ ಸಣ್ಣದೊಂದು ಭಾಗ ಮಾತ್ರ ಒರಟಾಗಿದ್ದರೆ ಅದು ದಣಿವಿನ ಬಿರುಕು. ಕಾಯುವುದು, ಆರುವುದು, ಪಕ್ಕಕ್ಕೆ ಎಳೆತ ಬೀಳುವುದು, ಇದೇ ಸಾವಿರಾರು ಸಲ ನಡೆದು ನಿಧಾನಕ್ಕೆ ಹರಿದದ್ದು. ಇಂಥ ಸ್ಟಡ್ ಥ್ರೆಡ್ಡಿನಲ್ಲಿ ಕಚ್ಚಿಕೊಂಡಿರಲೇಬೇಕೆಂದಿಲ್ಲ. ಎಷ್ಟೋ ಸಲ ಸುಲಭವಾಗಿ ತಿರುಗುತ್ತದೆ.

ಮುಖ ಹೊಳೆಯುತ್ತಿದ್ದು ಸುರುಳಿಯಾಗಿ ಹಿಂಡಿದಂತಿದ್ದರೆ ಅದು ಸ್ಪ್ಯಾನರ್ ಬಲಕ್ಕೆ ಮುರಿದದ್ದು. ಅಲ್ಲಿ ನಟ್ ಕಚ್ಚಿತ್ತೋ ಅಥವಾ ಹೆಡ್ ಒಳಗಿನ ಥ್ರೆಡ್ ಕೂಡ ಕಚ್ಚಿದೆಯೋ ಗೊತ್ತಾಗುವುದಿಲ್ಲ. ಕಚ್ಚಿದೆ ಎಂದುಕೊಂಡೇ ಕೆಲಸ ಶುರು ಮಾಡಿ.

ನೀವು ಬರೆದಿರುವ ಪ್ರಕಾರ ಹಿಂದಿನದು ಮೊದಲ ಜಾತಿ, ಮುಂದಿನದು ಎರಡನೆಯದು. ಹೊರಗೆ 5 ಮಿ.ಮೀ. ಇರುವುದರಿಂದ ಮುಂದಿನದಕ್ಕೆ ನಟ್ ವೆಲ್ಡ್ ಮಾಡಿ. ಹಿಂದಿನದಕ್ಕೆ ಎಡಸುತ್ತಿನ ಡ್ರಿಲ್ ಬಿಟ್ ಹಾಕಿ. ಎಂದರೆ ಉಲ್ಟಾ ತಿರುಗಿಸಿದಾಗ ಕೊರೆಯುವ ಬಿಟ್.

ಟಾಪ್_ಗೇರ್_ಮಂಜು

ಎರಡಕ್ಕೂ ಈಸಿ-ಔಟ್ (ಮುರಿದ ಸ್ಟಡ್ಡನ್ನು ಒಳಗಿನಿಂದ ಕಚ್ಚಿ ಬಿಚ್ಚುವ ಟೂಲ್) ಹಾಕಿದರೆ ಆಯ್ತಲ್ಲ? ನಡುವೆ ತೂತು ಕೊರೆದು, ಈಸಿ-ಔಟ್ ಬಡಿದು, ಟ್ಯಾಪ್ ಹ್ಯಾಂಡಲ್‌ನಲ್ಲಿ ಎಡಕ್ಕೆ ತಿರುಗಿಸಿದರೆ ಬರುತ್ತೆ. ವೆಲ್ಡಿಂಗ್ ಯಾಕೆ ಬೇಕು?

ಬೀಡು_ಮತ್ತು_ಉಕ್ಕು

ಮಂಜು ಅವರೇ, ಲೆಕ್ಕ ಹಾಕಿ ನೋಡಿ. 8 ಮಿ.ಮೀ. ಸ್ಟಡ್ ತನ್ನ ಪೂರ್ತಿ ದಪ್ಪದಲ್ಲಿ ತಿರುಚಿದಾಗಲೇ ಮುರಿದುಹೋಯಿತು. ಅದರೊಳಗೆ ಕೊರೆದ 4 ಮಿ.ಮೀ. ತೂತಿಗೆ ಇಳಿಯುವ ಈಸಿ-ಔಟ್ ಅದಕ್ಕಿಂತ ಹೆಚ್ಚಿನ ತಿರುಚು ಬಲ ತಡೆಯಬೇಕು. ದುಂಡು ಸಲಾಕೆಯ ತಿರುಚು ಬಲ ವ್ಯಾಸದ ಘನಕ್ಕೆ ತಕ್ಕಂತೆ ಇರುತ್ತದೆ. ವ್ಯಾಸ ಅರ್ಧವಾದರೆ ಬಲ ಎಂಟರಲ್ಲಿ ಒಂದು ಪಾಲು. ಈಸಿ-ಔಟ್ ಗಟ್ಟಿ ಉಕ್ಕಿನದೇ ಇರಬಹುದು, ಎಂಟು ಪಟ್ಟು ಗಟ್ಟಿಯಲ್ಲ.

ಮೊನಚಾದ ಸುರುಳಿ ಈಸಿ-ಔಟ್ ಬೆಣೆಯ ಹಾಗೆ ಕೆಲಸ ಮಾಡುತ್ತದೆ ಎನ್ನುವುದು ಇನ್ನೊಂದು ತೊಂದರೆ. ಒಳಗಿಳಿದಷ್ಟೂ ಸ್ಟಡ್ಡಿನ ಗೋಡೆಯನ್ನು ಹೊರಕ್ಕೆ ಒತ್ತಿ ಥ್ರೆಡ್ಡನ್ನು ಇನ್ನೂ ಬಿಗಿ ಮಾಡುತ್ತದೆ. ಮುರಿಯಿತೆಂದರೆ ಸಾಮಾನ್ಯ ಹೈಸ್ಪೀಡ್ ಬಿಟ್ ಅದನ್ನು ಕೊರೆಯುವುದಿಲ್ಲ, ಜಾರಿ ಪಕ್ಕದ ಅಲ್ಯೂಮಿನಿಯಂಗೆ ಹೋಗುತ್ತದೆ. ಆಮೇಲೆ ಕಾರ್ಬೈಡ್ ಬರ್ (ತಿರುಗುವ ಗಟ್ಟಿ ಅರ) ಹಿಡಿದು ಸವೆಸಬೇಕು, ಇಲ್ಲವೇ ಹೆಡ್ ಇಳಿಸಿ ಸ್ಪಾರ್ಕ್ ಎರೋಷನ್‌ಗೆ, ಎಂದರೆ ವಿದ್ಯುತ್ ಕಿಡಿಯಿಂದ ಲೋಹ ಕೊರೆಯುವ ಮೆಷಿನ್‌ಗೆ, ಒಯ್ಯಬೇಕು. ಅರ್ಧ ದಿನದ ಕೆಲಸ ಅಲ್ಲಿಗೆ ವಾರದ ಕೆಲಸವಾಗುತ್ತದೆ.

ದಣಿದು ಮುರಿದ, ಕಚ್ಚಿರದ ಸ್ಟಡ್‌ಗೆ ನೇರ ಗೆರೆಗಳಿರುವ ಎಕ್ಸ್‌ಟ್ರಾಕ್ಟರ್ ಹಾಕಲು ನನ್ನ ಅಡ್ಡಿಯಿಲ್ಲ. ಕಚ್ಚಿದ ಸ್ಟಡ್‌ಗೆ ಮಾತ್ರ ಯಾವ ಈಸಿ-ಔಟ್ ಕೂಡ ಬೇಡ. ಇದೊಂದನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ.

ವೆಲ್ಡರ್_ಕೈ

ಹೊರಗೆ ಉಳಿದಿರುವ ಸ್ಟಡ್ ಬಗ್ಗೆ ನಾನು ಬರೆಯುತ್ತೇನೆ.

ಮೊದಲು ವೈರ್ ಬ್ರಷ್ ಹಾಕಿ ಬುಡ ಸ್ವಚ್ಛ ಮಾಡಿ, ಪೆನಿಟ್ರೇಟಿಂಗ್ ಆಯಿಲ್ ಬಿಡಿ. ಒಂದೇ ಸಲ ಸುರಿದರೆ ಸುಮ್ಮನೆ ಹರಿದುಹೋಗುತ್ತದೆ. ನಾಲ್ಕೈದು ಗಂಟೆಗೊಮ್ಮೆ ಎರಡೆರಡು ಹನಿ ಬಿಟ್ಟು, ಸ್ಟಡ್ ತುದಿಗೆ ಸಣ್ಣ ಸುತ್ತಿಗೆಯಿಂದ ನೇರವಾಗಿ ಹಗುರಾಗಿ ಬಡಿಯಿರಿ. ಅದುರುವಾಗ ಎಣ್ಣೆ ಥ್ರೆಡ್ಡಿನ ಸಂದಿಗೆ ಇಳಿಯುತ್ತದೆ. ಒಂದು ರಾತ್ರಿಯಾದರೂ ಬಿಡಬೇಕು. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಮತ್ತು ಅಸಿಟೋನ್ ಸಮಪಾಲು ಬೆರೆಸಿ ಬಳಸುವವರಿದ್ದಾರೆ, ಕೆಲಸ ಮಾಡುತ್ತದೆ. ಬಿಡುವ ಮುನ್ನ ಪ್ರತಿ ಸಲ ಕುಲುಕಬೇಕು, ನಿಂತರೆ ಎರಡೂ ಬೇರೆಯಾಗುತ್ತವೆ. ಅಸಿಟೋನ್ ಬೇಗ ಹೊತ್ತಿಕೊಳ್ಳುವ ವಸ್ತು. ಬೆಂಕಿ ಹಚ್ಚುವ, ವೆಲ್ಡ್ ಮಾಡುವ ಹೊತ್ತಿಗೆ ಅದು ಸುತ್ತಮುತ್ತ ಇರಕೂಡದು.

ಅಲ್ಯೂಮಿನಿಯಂನಲ್ಲಿ ಉಕ್ಕಿನ ಸ್ಟಡ್ ಕಚ್ಚಿಕೊಳ್ಳಲು ಬರೀ ತುಕ್ಕು ಕಾರಣವಲ್ಲ. ಎರಡು ಲೋಹ ಸೇರಿದ ಕಡೆ ತೇವ ಸಿಕ್ಕಿದರೆ ಅಲ್ಯೂಮಿನಿಯಂ ಕೊರೆದು ಬಿಳಿ ಪುಡಿಯಾಗಿ ಉಬ್ಬುತ್ತದೆ. ಆ ಪುಡಿ ಎಣ್ಣೆಗೆ ಅಷ್ಟು ಸುಲಭಕ್ಕೆ ದಾರಿ ಕೊಡುವುದಿಲ್ಲ, ಅದಕ್ಕೇ ಬಿಸಿ ಬೇಕು. ಉಕ್ಕಿಗಿಂತ ಅಲ್ಯೂಮಿನಿಯಂ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. 8 ಮಿ.ಮೀ. ರಂಧ್ರ 100 ಡಿಗ್ರಿ ಏರಿದರೆ ಸ್ಟಡ್ಡಿಗಿಂತ ಸುಮಾರು 0.009 ಮಿ.ಮೀ. ಹೆಚ್ಚು ಅಗಲವಾಗುತ್ತದೆ. ಹಿಡಿತ ಬಿಡಿಸಲು ಅಷ್ಟು ಸಾಕು. ಹಾಟ್ ಏರ್ ಗನ್ ಹಿಡಿದು ಹೆಡ್ಡಿನ ಆ ಮೂಲೆಯನ್ನು 120ರಿಂದ 150 ಡಿಗ್ರಿಗೆ ತನ್ನಿ. ಗ್ಯಾಸ್ ಕಟ್ಟಿಂಗ್ ಜ್ವಾಲೆ ಬೇಡವೇ ಬೇಡ. ಅಲ್ಯೂಮಿನಿಯಂ ಕೆಂಪಾಗಿ ಎಚ್ಚರಿಕೆ ಕೊಡುವುದಿಲ್ಲ, ಇದ್ದಕ್ಕಿದ್ದಂತೆ ಕುಸಿಯುತ್ತದೆ.

ವೆಲ್ಡ್ ಮಾಡುವಾಗ ಎಂ10 ನಟ್ ತೆಗೆದುಕೊಳ್ಳಿ, ಕೋಟಿಂಗ್ ಇರದ ಕಪ್ಪು ನಟ್ ಇರಲಿ. ಜಿಂಕ್ ಲೇಪ ಇದ್ದರೆ ಉಜ್ಜಿ ತೆಗೆಯಿರಿ. ಅದರ ಹೊಗೆ ಎದೆಗೆ ಕೆಟ್ಟದ್ದು, ವೆಲ್ಡಿನಲ್ಲೂ ಗಾಳಿಗುಳ್ಳೆ ಬರುತ್ತದೆ. ಸ್ಟಡ್ ಮೇಲೆ ನಟ್ ಕೂರಿಸಿ, ಮಿಗ್ (ತಂತಿ ತಾನಾಗಿ ಬರುವ ವೆಲ್ಡಿಂಗ್) ತಂತಿಯನ್ನು ಸ್ಟಡ್ಡಿನ ನಡುಮಧ್ಯಕ್ಕೆ ಹಿಡಿದು ಶುರು ಮಾಡಿ. ಸ್ಟಡ್ ಮೇಲೆ ಕರಗಿದ ಕೊಳ ನಿಂತ ಮೇಲೆ ಸುತ್ತುತ್ತಾ ನಟ್ಟಿನ ಒಳಗೋಡೆಗೆ ಬನ್ನಿ. ನಟ್ ಕಡೆಯಿಂದ ಶುರು ಮಾಡಿದರೆ ಸ್ಟಡ್ ಸರಿಯಾಗಿ ಕರಗುವುದಿಲ್ಲ, ಮೊದಲ ತಿರುವಿಗೇ ನಟ್ ಕಳಚಿ ಕೈಗೆ ಬರುತ್ತದೆ.

ವೆಲ್ಡ್ ಆದ ತಕ್ಷಣ ತಿರುಗಿಸಬೇಡಿ, ಕೆಂಪು ಆರಲಿ. ಬಿಸಿಯಲ್ಲಿ ಹಿಗ್ಗಲು ಹೋದ ಸ್ಟಡ್ಡನ್ನು ಸುತ್ತಲ ಲೋಹ ಹಿಂಡಿರುತ್ತದೆ, ಆರುವಾಗ ಅದು ಕುಗ್ಗಿ ಹಿಡಿತ ಸಡಿಲವಾಗುತ್ತದೆ. ಇನ್ನೂ ಬಿಸಿ ಇರುವಾಗಲೇ ಮೇಣದಬತ್ತಿಯ ತುದಿಯನ್ನು ಬುಡಕ್ಕೆ ತಾಗಿಸಿ, ಕರಗಿದ ಮೇಣ ಥ್ರೆಡ್ಡಿನೊಳಗೆ ಇಳಿದುಹೋಗುತ್ತದೆ. ಆಮೇಲೆ ಆರು ಮೂಲೆಯ ಸಾಕೆಟ್ ಹಾಕಿ ಮೊದಲು ಬಿಗಿ ಮಾಡುವ ಕಡೆಗೆ ಕೂದಲೆಳೆಯಷ್ಟು, ನಂತರ ಬಿಚ್ಚುವ ಕಡೆಗೆ. ಎಂಟನೇ ಒಂದು ಸುತ್ತು ಮುಂದೆ, ಅಷ್ಟೇ ಹಿಂದೆ, ನಡುನಡುವೆ ಎಣ್ಣೆ. ಕಿರುಗುಟ್ಟಿದರೆ ವಾಪಸ್ ತಿರುಗಿಸಿ. ನಟ್ ಕಳಚಿದರೆ ಹೆದರಬೇಡಿ, ಇನ್ನೊಂದು ನಟ್ ಹಾಕಿ. ಪ್ರತಿ ವೆಲ್ಡ್ ಮತ್ತೊಮ್ಮೆ ಕಾಯಿಸಿ ಆರಿಸಿದಂತೆ, ಮೂರನೆಯದಕ್ಕೋ ನಾಲ್ಕನೆಯದಕ್ಕೋ ಬಿಡುವುದು ಮಾಮೂಲು.

ಕಾರ್ಬ್ಯುರೇಟರ್_ಕಾಲ

ವಿವರ ತುಂಬಾ ಉಪಯೋಗವಾಯ್ತು. ಎಂಜಿನ್ ಗಾಡಿಯಲ್ಲೇ ಇದೆ, ಕಾರ್ಬ್ಯುರೇಟರ್ ಕೂಡ ಅದೇ ಬದಿಯಲ್ಲಿದೆ. ವೆಲ್ಡಿಂಗ್‌ಗೆ ಮುನ್ನ ಏನೇನು ತೆಗೆಯಬೇಕು? ಬ್ರೇಕ್ ಕ್ಲೀನರ್ ಹೊಡೆದು ಎಣ್ಣೆ ಒರೆಸಿದರೆ ಸಾಕೇ?

ವೆಲ್ಡರ್_ಕೈ

ಬ್ರೇಕ್ ಕ್ಲೀನರ್ ಬೇಡ! ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ವೆಲ್ಡಿಂಗ್ ಆರ್ಕ್‌ಗೆ ಸಿಕ್ಕಿದರೆ ಫಾಸ್ಜೀನ್ ಅನಿಲ ಆಗುತ್ತದೆ, ಸ್ವಲ್ಪವೇ ಉಸಿರಿಗೆ ಹೋದರೂ ಪ್ರಾಣಾಪಾಯ. ವೈರ್ ಬ್ರಷ್ ಹಾಕಿ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ, ಹಾಟ್ ಏರ್ ಗನ್‌ನಲ್ಲಿ ಪೂರ್ತಿ ಒಣಗಿಸಿ. ಅಷ್ಟೇ ಸಾಕು.

ಬ್ಯಾಟರಿಯ ನೆಗೆಟಿವ್ ತೆಗೆಯಿರಿ, ಆಲ್ಟರ್ನೇಟರ್ ವೈರ್ ಕಳಚಿ. ಕಾರ್ಬ್ಯುರೇಟರ್ ಇಳಿಸಿ, ಪೆಟ್ರೋಲ್ ಪೈಪ್ ತುದಿಗೆ ಬಿಗಿಯಾದ ಮುಚ್ಚಳ ಹಾಕಿ, ಇನ್‌ಟೇಕ್ ಬಾಯಿ ಮುಚ್ಚಿ. ಅರ್ತ್ ಕ್ಲಾಂಪನ್ನು ಹೆಡ್ಡಿಗೇ, ಸ್ಟಡ್ ಪಕ್ಕದಲ್ಲೇ ಹಿಡಿಸಿ. ಬಾಡಿಗೆ ಹಿಡಿಸಿದರೆ ಕರೆಂಟು ಬೇರಿಂಗುಗಳ ಮೂಲಕ ದಾರಿ ಹುಡುಕಬಹುದು. ಎಕ್ಸಾಸ್ಟ್ ಪೋರ್ಟ್‌ಗೆ ಒದ್ದೆ ಬಟ್ಟೆ ತುರುಕಿ, ಕಿಡಿ ವಾಲ್ವ್ ಸೀಟಿನ ಮೇಲೆ ಬೀಳಕೂಡದು. ಬೆಂಕಿ ನಂದಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ, ಪಕ್ಕದಲ್ಲಿ ಇನ್ನೊಬ್ಬರು ನಿಂತಿರಲಿ.

ಲೇತ್_ಮನೆ

ಒಳಗೆ 4 ಮಿ.ಮೀ. ಮುರಿದಿರುವ ಸ್ಟಡ್ ನಿಜಕ್ಕೂ ಒಳ್ಳೆಯ ಜಾಗದಲ್ಲಿ ಮುರಿದಿದೆ. ಅದರ ಮೇಲೆ ಖಾಲಿ ಥ್ರೆಡ್ ಇದೆಯಲ್ಲ, ಅದನ್ನೇ ಗೈಡ್ ಮಾಡಿಕೊಳ್ಳಿ.

ಒಂದು ಎಂ8 ಬೋಲ್ಟನ್ನು ಲೇತ್‌ಗೆ ಹಾಕಿಸಿ ನಡುಮಧ್ಯದಲ್ಲಿ 3 ಮಿ.ಮೀ. ತೂತು ಆರಪಾರ ಹೊಡೆಸಿ. ಇನ್ನೊಂದಕ್ಕೆ 5 ಮಿ.ಮೀ. ತಲೆ ಕತ್ತರಿಸಬೇಡಿ, ಬಿಗಿ ಮಾಡಲು ಬೇಕು. ತಲೆಯ ಕೆಳಗೆ ಹತ್ತು ಹನ್ನೆರಡು ಮಿ.ಮೀ. ಉದ್ದವಿದ್ದರೆ ಸಾಕು, ತುದಿ ಮಟ್ಟಸವಾಗಿರಲಿ. ಇದನ್ನು ಖಾಲಿ ಥ್ರೆಡ್ಡಿಗೆ ಮುರಿದ ಸ್ಟಡ್ ತಾಗುವವರೆಗೆ ಕೈಯಲ್ಲಿ ತಿರುಗಿಸಿ ಕೂರಿಸಿದರೆ ಡ್ರಿಲ್ ಬಿಟ್ ಎಲ್ಲಿಗೂ ಜಾರಲಾರದು. ಸೆಂಟರ್ ಪಂಚ್ ಕೂಡ ಬೇಕಾಗುವುದಿಲ್ಲ. ಮುರಿದ ಮುಖ ಓರೆಯಾಗಿದ್ದರೂ ಬಿಟ್ ನೇರ ಇಳಿಯುತ್ತದೆ, ಬರೀ ಕೈಯಲ್ಲಿ ಹಿಡಿದರೆ ಬಿಟ್ ಜಾರುವುದು ಆ ಓರೆಯ ಮೇಲೇ.

ಬಿಟ್ ಕೋಬಾಲ್ಟ್ ಬೆರೆತ ಹೈಸ್ಪೀಡ್ ಉಕ್ಕಿನದಿರಲಿ, ಸಾಧ್ಯವಾದರೆ ಎಡಸುತ್ತಿನದು. ಡ್ರಿಲ್ ಮೆಷಿನ್ ನಿಧಾನವಾಗಿ ಓಡಬೇಕು, ಒತ್ತಡ ಬಿಡಬಾರದು. ವೇಗ ಹೆಚ್ಚಾಗಿ ಒತ್ತಡ ಕಡಿಮೆಯಾದರೆ ಬಿಟ್ ಸುಮ್ಮನೆ ಉಜ್ಜುತ್ತದೆ, ಉಜ್ಜಿದ ಜಾಗ ಕಾದು ಗಡುಸಾಗುತ್ತದೆ, ಮುಂದೆ ಏನೂ ಕೊರೆಯುವುದಿಲ್ಲ. ಸ್ವಲ್ಪ ಸ್ವಲ್ಪ ಕೊರೆದು ಬಿಟ್ ಹೊರಗೆಳೆದು ಚೂರು ತೆಗೆಯಿರಿ, ಕಟಿಂಗ್ ಆಯಿಲ್ ಬಿಡಿ.

3 ಮಿ.ಮೀ. ಬಿಟ್‌ನಲ್ಲಿ ಸ್ಟಡ್ಡಿನ ಉದ್ದಕ್ಕೂ ಹೋಗಿ. ಎಷ್ಟು ಆಳ ಎಂದು ತಿಳಿಯಲು ಹೊಸ ಸ್ಟಡ್ಡಿನ ಹೆಡ್ ಕಡೆಯ ಥ್ರೆಡ್ ಉದ್ದ ಅಳೆದು, ಅದಕ್ಕೆ ಗೈಡಿನ ಹೊರಚಾಚು ಸೇರಿಸಿ, ಬಿಟ್ಟಿಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ನಂತರ 5 ಮಿ.ಮೀ. ಈ ಹಂತದಲ್ಲಿ ಸ್ಟಡ್ಡಿನ ಗೋಡೆ ತೆಳ್ಳಗಾಗಿ ಹಿಡಿತ ಸಡಿಲುತ್ತದೆ. ಎಡಸುತ್ತಿನ ಬಿಟ್ ಕಚ್ಚಿದರೆ ಸ್ಟಡ್ ಅದರ ಜೊತೆಗೇ ತಿರುಗಿ ಮೇಲೆ ಬರಲು ನೋಡುತ್ತದೆ, ಗೈಡ್ ಅದನ್ನು ತಡೆಯುತ್ತದೆ. ಹಾಗಾಗಿ 5 ಮಿ.ಮೀ. ಕೊನೆಯ ಭಾಗವನ್ನು ಗೈಡ್ ತೆಗೆದು ಕೊರೆಯಿರಿ. ಅಷ್ಟರಲ್ಲಿ ದಾರಿ ಬಿದ್ದಿರುತ್ತದೆ.

ಆಗಲೂ ಬರದಿದ್ದರೆ 6.5 ಮಿ.ಮೀ. ಎಂ8 ಹೊರಥ್ರೆಡ್ಡಿನ ತಳದ ವ್ಯಾಸ ಸುಮಾರು 6.47 ಮಿ.ಮೀ. ಇರುವುದರಿಂದ, ತೂತು ನಡುಮಧ್ಯದಲ್ಲಿದ್ದರೆ ಉಳಿಯುವುದು ಸುರುಳಿ ತಂತಿಯಷ್ಟೇ. ಚೂಪಾದ ಸೂಜಿಯಿಂದ ಅದರ ತುದಿ ಎಬ್ಬಿಸಿ, ಸಣ್ಣ ಇಕ್ಕಳದಲ್ಲಿ ಹಿಡಿದು ಎಳೆದರೆ ಬಿಚ್ಚಿಕೊಂಡು ಬರುತ್ತದೆ. ಕಣ್ಣಿಗೆ ಗಾಗಲ್ಸ್ ಕಡ್ಡಾಯ.

ಕೊನೆಗೆ ಥ್ರೆಡ್ ಸ್ವಚ್ಛ ಮಾಡಲು ಹೊಸ ಕಟಿಂಗ್ ಟ್ಯಾಪ್ ತೂರಿಸಬೇಡಿ, ಅದು ಅಲ್ಯೂಮಿನಿಯಂ ಅನ್ನೂ ಒಂದು ಪದರ ಕೆತ್ತುತ್ತದೆ. ಹಳೆಯ ಎಂ8 ಬೋಲ್ಟ್‌ಗೆ ಉದ್ದಕ್ಕೂ ಮೂರು ಗೀರು ಹೊಡೆದು ಅಂಚನ್ನು ಅರದಲ್ಲಿ ಉಜ್ಜಿಕೊಂಡರೆ ಒಳ್ಳೆಯ ಥ್ರೆಡ್ ಚೇಸರ್ ಸಿದ್ಧ.

ಟಾಪ್_ಗೇರ್_ಮಂಜು

ಗೈಡ್‌ಗೆ ಮ್ಯಾನಿಫೋಲ್ಡನ್ನೇ ವಾಪಸ್ ಕೂರಿಸಿ ಅದರ ರಂಧ್ರದಲ್ಲಿ ಬುಷ್ ಹಾಕಿ ಕೊರೆಯುವ ಪದ್ಧತಿಯೂ ಇದೆಯಲ್ಲ?

ಲೇತ್_ಮನೆ

ಇದೆ. ಸ್ಟಡ್ ಮೇಲ್ಮೈಗೆ ಸಮವಾಗಿ ಮುರಿದಾಗ, ಖಾಲಿ ಥ್ರೆಡ್ ಇಲ್ಲದಿದ್ದಾಗ ಅದೇ ದಾರಿ. ಒಂದು ಎಚ್ಚರಿಕೆ: ಮ್ಯಾನಿಫೋಲ್ಡ್ ರಂಧ್ರ ಸ್ಟಡ್ಡಿಗಿಂತ ದೊಡ್ಡದು, ತುದಿಯ ರಂಧ್ರಗಳು ಮ್ಯಾನಿಫೋಲ್ಡ್ ಕುಗ್ಗಿ ಒಳಕ್ಕೆ ಸರಿದಿರಲೂಬಹುದು. ರಂಧ್ರದ ನಡುವೇ ಸ್ಟಡ್ಡಿನ ನಡು ಎಂದು ನಂಬಿ ಕೊರೆದರೆ ಅರ್ಧ ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. 6.5 ಮಿ.ಮೀ.ಗೆ ಬರುವ ಹೊತ್ತಿಗೆ ಒಂದು ಬದಿಯ ಥ್ರೆಡ್ ಹೋಗಿರುತ್ತದೆ. 10 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿಯಲ್ಲಿ, ಪಕ್ಕದ ಎರಡು ಒಳ್ಳೆಯ ಸ್ಟಡ್‌ಗಳಿಗೆ ಬಿಗಿಯಾಗಿ ಕೂರುವ ತೂತು ಮಾಡಿ, ಹೆಡ್ಡಿನ ಮೇಲೇ ಅಳೆದು ಮೂರನೆಯದನ್ನು ಗುರುತಿಸಿ ಮಾಡಿದ ಜಿಗ್ ಇದಕ್ಕಿಂತ ನಂಬಿಕೆಯದು.

ಕಾರ್ಬ್ಯುರೇಟರ್_ಕಾಲ

ಹಿಂದಿನ ಸ್ಟಡ್ಡಿಗೂ ಫೈರ್‌ವಾಲ್‌ಗೂ (ಎಂಜಿನ್‌ಗೂ ಕಾರಿನ ಒಳಭಾಗಕ್ಕೂ ನಡುವಿನ ಗೋಡೆ) ನಡುವೆ ಡ್ರಿಲ್ ಮೆಷಿನ್ ನೇರ ಹಿಡಿಯುವಷ್ಟು ಜಾಗವಿಲ್ಲ.

ಬೀಡು_ಮತ್ತು_ಉಕ್ಕು

ಮೂಲೆಗೆ ತಿರುಗುವ ರೈಟ್ ಆ್ಯಂಗಲ್ ಡ್ರಿಲ್ ಅಡಾಪ್ಟರ್ ಹಾಕಿ, ಬಿಟ್ ಗಿಡ್ಡ ಜಾತಿಯದ್ದು ತೆಗೆದುಕೊಳ್ಳಿ. ಆಗಲೂ ಸಾಲದಿದ್ದರೆ ಎಂಜಿನ್ ಮೌಂಟಿಂಗ್ ಬೋಲ್ಟ್ ಬಿಚ್ಚಿ, ಸಂಪಿನ ಕೆಳಗೆ ಮರದ ತುಂಡಿಟ್ಟು ಜ್ಯಾಕ್ ಕೊಟ್ಟು ಎಂಜಿನ್ ಮುಂದಕ್ಕೋ ಪಕ್ಕಕ್ಕೋ ವಾಲಿಸಿದರೆ ನಾಲ್ಕು ಬೆರಳಿನಷ್ಟು ಜಾಗ ಸಿಗುತ್ತದೆ. ವಾಲಿಸುವ ಮುನ್ನ ರೇಡಿಯೇಟರ್ ಹೋಸ್, ಆಕ್ಸಿಲರೇಟರ್ ಕೇಬಲ್, ಅರ್ತ್ ಪಟ್ಟಿ ಎಳೆದುಕೊಳ್ಳುತ್ತಿಲ್ಲ ಎಂದು ನೋಡಿ. ಇಷ್ಟಾದರೂ ಡ್ರಿಲ್ ನೇರ ನಿಲ್ಲದಿದ್ದರೆ ಹೆಡ್ ಇಳಿಸುವುದೇ ಸರಿ. ಓರೆ ಕೊರೆದು ಹೆಡ್ ಹಾಳು ಮಾಡುವುದಕ್ಕಿಂತ ಹೆಡ್ ಗ್ಯಾಸ್ಕೆಟ್ ಬದಲಿಸುವುದು ಎಷ್ಟೋ ವಾಸಿ.

ನೀರು_ಜ್ಯಾಕೆಟ್

ಯಾರೂ ಹೇಳದ ಒಂದು ವಿಷಯ. ಕೆಲವು ಹೆಡ್‌ಗಳಲ್ಲಿ ಎಕ್ಸಾಸ್ಟ್ ಸ್ಟಡ್ಡಿನ ರಂಧ್ರ ಆರಪಾರ ಇದ್ದು ನೀರಿನ ಜ್ಯಾಕೆಟ್‌ಗೆ, ಎಂದರೆ ಕೂಲಂಟ್ ಹರಿಯುವ ಒಳದಾರಿಗೆ, ತೆರೆದುಕೊಳ್ಳುತ್ತದೆ. ಕೊರೆಯುವ ಮುನ್ನ ಕೂಲಂಟ್ ಇಳಿಸಿ. ಸ್ಟಡ್ ಬಂದ ಮೇಲೆ ರಂಧ್ರದಿಂದ ಕೂಲಂಟ್ ಜಿನುಗಿದರೆ, ಅಥವಾ ಸಣ್ಣ ತಂತಿ ಹಾಕಿದಾಗ ತಳ ಸಿಗದಿದ್ದರೆ ಅದು ಅಂಥ ರಂಧ್ರ. ಹೊಸ ಸ್ಟಡ್ಡಿನ ಹೆಡ್ ಕಡೆಯ ಥ್ರೆಡ್ಡಿಗೆ ಕೂಲಂಟ್ ಮತ್ತು ಶಾಖ ತಡೆಯುವ ಥ್ರೆಡ್ ಸೀಲೆಂಟ್ ಹಚ್ಚಬೇಕು, ಆ್ಯಂಟಿ-ಸೀಝ್ (ಥ್ರೆಡ್ ಕಚ್ಚದಂತೆ ಹಚ್ಚುವ ಪೇಸ್ಟ್) ಅಲ್ಲ. ಅಂಥ ರಂಧ್ರದಲ್ಲಿ ಕೊರೆದ ಚೂರುಗಳು ನೀರಿನ ದಾರಿಗೆ ಬೀಳುತ್ತವೆ. ಬಿಟ್ಟಿಗೆ ಗ್ರೀಸ್ ಬಳಿದು ಕೊರೆದರೆ ಬಹುಪಾಲು ಅಂಟಿಕೊಂಡು ಹೊರಬರುತ್ತದೆ, ಕೊನೆಗೊಮ್ಮೆ ಕೂಲಂಟ್ ದಾರಿಯನ್ನು ನೀರು ಹಾಯಿಸಿ ತೊಳೆಯಿರಿ.

ರಂಧ್ರಕ್ಕೆ ತಳ ಇದ್ದರೆ ಅಲ್ಲಿ ಎಣ್ಣೆ ನಿಲ್ಲಕೂಡದು. ಎಣ್ಣೆ ತುಂಬಿದ ರಂಧ್ರಕ್ಕೆ ಸ್ಟಡ್ ತಿರುಗಿಸಿದರೆ ಅದು ಹೋಗಲು ಜಾಗವಿಲ್ಲದೆ ಹೆಡ್ಡನ್ನು ಬಿರುಕು ಬಿಡಿಸಬಲ್ಲದು.

ಗ್ಯಾರೇಜ್_ಹೊಸಬ

ತೂತು ಪಕ್ಕಕ್ಕೆ ಹೋಗಿ ಥ್ರೆಡ್ ಹಾಳಾಗಿಬಿಟ್ಟರೆ ಏನು ಮಾಡೋದು? ಎಪಾಕ್ಸಿ ಮೆಟಲ್ ಪೇಸ್ಟ್ ತುಂಬಿ ಹೊಸ ಥ್ರೆಡ್ ಹಾಕಬಹುದಾ?

ಲೇತ್_ಮನೆ

ಪೇಸ್ಟ್ ಎಕ್ಸಾಸ್ಟ್ ಹತ್ತಿರ ನಿಲ್ಲುವುದಿಲ್ಲ, ಆ ಶಾಖಕ್ಕೂ ಎಳೆತಕ್ಕೂ ಅದು ಬೇರೆ ಲೋಕದ ವಸ್ತು. ಹೆಲಿಕಾಯಿಲ್ (ಹಾಳಾದ ಥ್ರೆಡ್ ಬದಲು ಕೂರಿಸುವ ತಂತಿಯ ಸುರುಳಿ) ಹಾಕಿ. ಎಂ8, 1.25 ಪಿಚ್‌ಗೆ ಕಿಟ್‌ನಲ್ಲಿ ಹೇಳಿದ ಬಿಟ್, ಸಾಮಾನ್ಯವಾಗಿ 8.3 ಅಥವಾ 8.4 ಮಿ.ಮೀ. ಅದಕ್ಕೆಂದೇ ಇರುವ ಟ್ಯಾಪ್‌ನಿಂದ ಥ್ರೆಡ್ ಹಾಕಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಸೀಮೆಎಣ್ಣೆ ಬಿಡುತ್ತಾ ಹೋದರೆ ಅಲ್ಯೂಮಿನಿಯಂ ಟ್ಯಾಪ್‌ಗೆ ಮೆತ್ತಿಕೊಳ್ಳುವುದಿಲ್ಲ. ಸುರುಳಿಯನ್ನು ಮೇಲ್ಮೈಯಿಂದ ಕಾಲು ಸುತ್ತಿನಿಂದ ಅರ್ಧ ಸುತ್ತು ಒಳಗೆ ಇಳಿಸಿ ನಿಲ್ಲಿಸಿ. ಮೇಲಕ್ಕೆ ಎದ್ದಿದ್ದರೆ ಗ್ಯಾಸ್ಕೆಟ್ ಕೂರುವುದಿಲ್ಲ. ತುದಿಯ ಕೊಂಡಿಯನ್ನು ಪಂಚ್ ಇಟ್ಟು ಒಂದೇ ಏಟಿಗೆ ಮುರಿದು ಹೊರತೆಗೆಯಿರಿ, ರಂಧ್ರ ಆರಪಾರ ಇದ್ದರೆ ಮುರಿಯುವ ಬದಲು ಇಕ್ಕಳದಲ್ಲಿ ಹಿಡಿದು ಬಾಗಿಸಿ ತೆಗೆಯಿರಿ. ಇನ್ಸರ್ಟ್ ಉದ್ದ 12 ಮಿ.ಮೀ. ಕನಿಷ್ಠ, ರಂಧ್ರ ಆಳವಿದ್ದರೆ 16 ಮಿ.ಮೀ. ಒಳ್ಳೆಯದು.

ರಂಧ್ರ ಒಂದು ಮಿ.ಮೀ.ಗಿಂತ ಹೆಚ್ಚು ಪಕ್ಕಕ್ಕೆ ಹೋಗಿದ್ದರೆ ಹೆಲಿಕಾಯಿಲ್ ಕೂಡ ಉಪಯೋಗವಿಲ್ಲ, ಅದು ತಪ್ಪಾದ ಜಾಗದಲ್ಲೇ ಗಟ್ಟಿಯಾಗಿ ಕೂರುತ್ತದೆ. ಆಗ ಹೆಡ್ ಇಳಿಸಿ, ಟಿಗ್ ವೆಲ್ಡ್ (ಅಲ್ಯೂಮಿನಿಯಂಗೂ ಒಗ್ಗುವ ವೆಲ್ಡಿಂಗ್) ತುಂಬಿಸಿ, ಮಿಲ್ಲಿಂಗ್ ಮೆಷಿನ್ ಮೇಲೆ ಹೊಸದಾಗಿ ಕೊರೆಸಬೇಕು.

ಬೀಡು_ಮತ್ತು_ಉಕ್ಕು

ಈಗ ಮುಖ್ಯ ಮಾತಿಗೆ ಬರುತ್ತೇನೆ. ಸ್ಟಡ್ ತೆಗೆದು ಹೊಸದು ಹಾಕಿ ಮ್ಯಾನಿಫೋಲ್ಡ್ ಕೂರಿಸಿದರೆ ಅರ್ಧ ಕೆಲಸ ಮಾತ್ರ. ಹಿಂದಿನ ತುದಿಯ ಸ್ಟಡ್ ತಾನಾಗಿ ಮುರಿದಿದೆ. ಕಾರಣ ಹಾಗೇ ಬಿಟ್ಟರೆ ಹೊಸದೂ ಅಲ್ಲೇ ಮುರಿಯುತ್ತದೆ.

ತುದಿಯವೇ ಯಾಕೆ ಮುರಿಯುತ್ತವೆ ನೋಡಿ. ಎರಡು ತುದಿಯ ಸ್ಟಡ್‌ಗಳ ನಡುವೆ 400 ಮಿ.ಮೀ. ಎಂದುಕೊಳ್ಳಿ. ಮ್ಯಾನಿಫೋಲ್ಡ್ 25ರಿಂದ 500 ಡಿಗ್ರಿಗೆ ಏರಿದರೆ ಬೀಡು ಸುಮಾರು 2.1 ಮಿ.ಮೀ. ಉದ್ದವಾಗುತ್ತದೆ. ಅಲ್ಯೂಮಿನಿಯಂ ಹೆಚ್ಚು ಹಿಗ್ಗುವ ಲೋಹವೇ ಆದರೂ ಹೆಡ್ ಇರುವುದು 100 ಡಿಗ್ರಿ ಆಸುಪಾಸಿನಲ್ಲಿ, ಅದು 0.7 ಮಿ.ಮೀ. ಮಾತ್ರ ಬೆಳೆಯುತ್ತದೆ. ವ್ಯತ್ಯಾಸ 1.4, ಎಂದರೆ ಪ್ರತಿ ತುದಿಯಲ್ಲಿ 0.7 ಮಿ.ಮೀ. ಅಷ್ಟು ಜಾರಲು ರಂಧ್ರದಲ್ಲಿ ಜಾಗವಿಲ್ಲದಿದ್ದರೆ ಮ್ಯಾನಿಫೋಲ್ಡ್ ಪ್ರತಿ ಸಲ ಕಾದಾಗಲೂ ಸ್ಟಡ್ಡನ್ನು ಬಾಗಿಸುತ್ತದೆ. ನಟ್ ಅತಿಯಾಗಿ ಬಿಗಿಯಿದ್ದರೂ ಜಾರುವುದಿಲ್ಲ.

ಜೊತೆಗೆ, ಹಿಗ್ಗಲು ಬಿಡದೆ ಹಿಡಿದಿಟ್ಟ ಬೀಡು ಕೆಂಪುಬಿಸಿಯಲ್ಲಿ ತನ್ನೊಳಗೇ ಸ್ವಲ್ಪ ಕುಸಿಯುತ್ತದೆ, ತಣ್ಣಗಾದಾಗ ಮೊದಲಿಗಿಂತ ಗಿಡ್ಡವಾಗಿರುತ್ತದೆ. ಹಳೆಯ ಮ್ಯಾನಿಫೋಲ್ಡ್ ಬಿಚ್ಚಿದ ಮೇಲೆ ತುದಿಯ ಸ್ಟಡ್‌ಗಳಿಗೆ ಕೂರದೆ ಸತಾಯಿಸುವುದು ಇದಕ್ಕೇ. ಸುತ್ತಿಗೆಯಿಂದ ಬಡಿದು ಕೂರಿಸಬೇಡಿ.

ಹೀಗೆ ಮಾಡಿ: ಮ್ಯಾನಿಫೋಲ್ಡ್ ಮುಖ ಉಜ್ಜಿ, ಉದ್ದದ ಸ್ಟ್ರೇಟ್ ಎಡ್ಜ್ (ನೇರ ಅಳತೆಪಟ್ಟಿ) ಇಟ್ಟು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ತೂರಿಸಿ. ವಾಹನದ ಕೈಪಿಡಿಯ ಮಿತಿಯೇ ಅಂತಿಮ. ಕೈಪಿಡಿ ಇಲ್ಲದಿದ್ದರೆ 0.2 ಮಿ.ಮೀ. ಫೀಲರ್ ಒಳಹೊಕ್ಕ ಕಡೆ ಸರ್ಫೇಸ್ ಗ್ರೈಂಡಿಂಗ್ ಮಾಡಿಸಿ. ಮೆಷಿನ್ ಟೇಬಲ್ಲಿಗೆ ಹಿಂಡಿ ಬಿಗಿದು ಉಜ್ಜಿದರೆ ಕಳಚಿದ ಕೂಡಲೇ ಮತ್ತೆ ಬಾಗುತ್ತದೆ, ಸಹಜವಾಗಿ ಕೂತ ಸ್ಥಿತಿಯಲ್ಲೇ ಆಧಾರ ಕೊಟ್ಟು ಹಿಡಿಯಲು ಹೇಳಿ. ಹೆಡ್ಡಿನ ಮುಖವನ್ನೂ ಅಳೆಯಿರಿ.

ಲೇತ್_ಮನೆ

ಒಂದು ಸೇರ್ಪಡೆ. ಇನ್‌ಟೇಕ್ ಕೂಡ ಅದೇ ಬದಿಯಲ್ಲಿದೆ ಎಂದಿದ್ದಾರೆ. ಹಾಗಿದ್ದರೆ ಕೆಲವು ನಟ್‌ಗಳ ದಪ್ಪ ವಾಷರ್ ಎರಡೂ ಮ್ಯಾನಿಫೋಲ್ಡ್‌ಗಳ ಚಾಚನ್ನು ಒಟ್ಟಿಗೆ ಒತ್ತುತ್ತಿರಬಹುದು. ಎಕ್ಸಾಸ್ಟ್ ಒಂದನ್ನೇ 0.3 ಮಿ.ಮೀ. ಉಜ್ಜಿದರೆ ಅದರ ಚಾಚು ತೆಳ್ಳಗಾಗಿ ವಾಷರ್ ಇನ್‌ಟೇಕ್ ಮೇಲೆ ಮಾತ್ರ ಕೂರುತ್ತದೆ, ಎಕ್ಸಾಸ್ಟ್ ಸಡಿಲ. ಆ ಚಾಚುಗಳ ದಪ್ಪವನ್ನು ಕ್ಯಾಲಿಪರ್‌ನಲ್ಲಿ ಅಳೆದು ಸಮ ಮಾಡಿಸಿ.

ತುದಿಯ ರಂಧ್ರಗಳನ್ನು ಉದ್ದದ ದಿಕ್ಕಿನಲ್ಲಿ ಮಾತ್ರ ಅರದಿಂದ ಹಿಗ್ಗಿಸಿ. ತಣ್ಣಗಿರುವಾಗ ಸ್ಟಡ್ಡಿನ ಹೊರಬದಿಯಲ್ಲೂ ಒಳಬದಿಯಲ್ಲೂ ತಲಾ ಒಂದು ಮಿ.ಮೀ. ಬೆಳಕು ಕಾಣಬೇಕು. ನಡುವಿನ ಸ್ಟಡ್‌ಗಳ ರಂಧ್ರ ಮುಟ್ಟಬೇಡಿ, ಮ್ಯಾನಿಫೋಲ್ಡ್ ಜಾಗ ಹಿಡಿಯುವುದು ಅವುಗಳಿಂದಲೇ.

ನೀರು_ಜ್ಯಾಕೆಟ್

ಸೈಲೆನ್ಸರ್ ಪೈಪಿನ ರಬ್ಬರ್ ತೂಗುಪಟ್ಟಿ ಮತ್ತು ಎಂಜಿನ್ ಮೌಂಟಿಂಗ್ ಕೂಡ ನೋಡಿ. ಪಟ್ಟಿ ಹರಿದಿದ್ದರೆ ಪೈಪಿನ ಭಾರ ಪೂರ್ತಿ ಮ್ಯಾನಿಫೋಲ್ಡ್ ಮೇಲೆ. ಮೌಂಟಿಂಗ್ ಸತ್ತಿದ್ದರೆ ಗೇರ್ ಹಾಕಿ ಕ್ಲಚ್ ಬಿಟ್ಟಾಗಲೆಲ್ಲ ಎಂಜಿನ್ ಅಲುಗುತ್ತದೆ, ಪೈಪ್ ಅಲುಗುವುದಿಲ್ಲ, ಆ ತಿರುಚನ್ನು ಸ್ಟಡ್‌ಗಳೇ ತಿನ್ನುತ್ತವೆ.

ಗ್ಯಾರೇಜ್_ಹೊಸಬ

ಸ್ಟೇನ್‌ಲೆಸ್ ಸ್ಟೀಲ್ ಸ್ಟಡ್, ಸ್ಟೇನ್‌ಲೆಸ್ ನಟ್ ಹಾಕಿದರೆ ತುಕ್ಕಿನ ಕಾಟವೇ ಇರಲ್ಲ ಅಲ್ವಾ?

ವೆಲ್ಡರ್_ಕೈ

ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ತಿರುಗಿಸಿದರೆ ಥ್ರೆಡ್‌ಗಳು ಒಂದಕ್ಕೊಂದು ಬೆಸೆದಂತೆ ಕಚ್ಚಿಕೊಳ್ಳುತ್ತವೆ, ಆಮೇಲೆ ಬಿಚ್ಚುವಾಗ ಮುರಿಯುವುದು ಖಚಿತ. ಮಾಮೂಲು ಸ್ಟೇನ್‌ಲೆಸ್ ಹೆಚ್ಚು ಹಿಗ್ಗುತ್ತದೆ ಕೂಡ, ಕಾದಾಗ ಬಿಗಿ ಕಡಿಮೆಯಾಗುತ್ತದೆ. ತಯಾರಕರು ಹೇಳಿದ ಉಕ್ಕಿನ ಸ್ಟಡ್, ಮೇಲೆ ತಾಮ್ರ ಲೇಪದ ನಟ್ ಅಥವಾ ಹಿತ್ತಾಳೆ ನಟ್. ಹಿತ್ತಾಳೆ ನಟ್ ಮುಂದೊಂದು ದಿನ ಹಟ ಮಾಡಿದರೂ ಅದನ್ನು ಉಳಿಯಿಂದ ಸೀಳಬಹುದು, ಸ್ಟಡ್ ಉಳಿಯುತ್ತದೆ. ಎರಡು ಮುರಿದಿವೆ ಎಂದಾದರೆ ಸುಲಭವಾಗಿ ಬರುವ ಉಳಿದ ಸ್ಟಡ್‌ಗಳನ್ನೂ ಬದಲಿಸಿ. ಎಣ್ಣೆ, ಬಿಸಿ ಕೊಟ್ಟರೂ ಬರಲು ಒಪ್ಪದ, ನೇರವಾಗಿ ಚೆನ್ನಾಗಿರುವ ಸ್ಟಡ್ಡನ್ನು ಮಾತ್ರ ಎಬ್ಬಿಸಲು ಹೋಗಬೇಡಿ.

ಬೀಡು_ಮತ್ತು_ಉಕ್ಕು

ಜೋಡಣೆ. ಸ್ಟಡ್ ಮೇಲೆ ಎರಡು ನಟ್ ಒಂದಕ್ಕೊಂದು ಬಿಗಿದು ಅದರಿಂದ ಸ್ಟಡ್ ಕೂರಿಸಿ. ಕೈಬಿಗಿಯ ಮೇಲೆ ಒಂಚೂರು ಸಾಕು, ತಳಕ್ಕೆ ಹಿಂಡಬೇಡಿ. ಹೊಸ ಗ್ಯಾಸ್ಕೆಟ್ ಒಣದಾಗಿಯೇ ಕೂರಲಿ, ಸಿಲಿಕಾನ್ ಪೇಸ್ಟ್ ಇಲ್ಲಿ ಸುಟ್ಟುಹೋಗುತ್ತದೆ. ನಟ್ ಕಡೆಯ ಥ್ರೆಡ್ಡಿಗೆ ನಿಕ್ಕಲ್ ಆ್ಯಂಟಿ-ಸೀಝ್ ತೆಳ್ಳಗೆ.

ಎಲ್ಲಾ ನಟ್ ಕೈಯಲ್ಲಿ ಕೂರಿಸಿ, ನಡುವಿನಿಂದ ಶುರು ಮಾಡಿ ಎರಡೂ ತುದಿಗೆ ಹೋಗುತ್ತಾ ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಎಂ8ಕ್ಕೆ ಕೈಪಿಡಿಗಳಲ್ಲಿ ಸಾಮಾನ್ಯವಾಗಿ 18ರಿಂದ 25 ನ್ಯೂಟನ್ ಮೀಟರ್ ಇರುತ್ತದೆ, ನಿಮ್ಮ ಎಂಜಿನ್ನಿನ ಸಂಖ್ಯೆ ನೋಡಿಕೊಳ್ಳಿ. ಆ ಸಂಖ್ಯೆ ಒಣ ಥ್ರೆಡ್ಡಿನದಾದರೆ ಆ್ಯಂಟಿ-ಸೀಝ್ ಹಚ್ಚಿದಾಗ ಐದರಲ್ಲಿ ಒಂದು ಪಾಲು ಕಡಿಮೆ ಮಾಡಿ. ಜಾರು ಹೆಚ್ಚಿದಂತೆ ಅದೇ ಟಾರ್ಕ್ ಸ್ಟಡ್ಡನ್ನು ಹೆಚ್ಚು ಎಳೆಯುತ್ತದೆ. ಮ್ಯಾನಿಫೋಲ್ಡ್ ಪೂರ್ತಿ ಬಿಗಿಯಾದ ಮೇಲೆ ಸೈಲೆನ್ಸರ್ ಪೈಪ್ ಜೋಡಿಸಿ. ಪೈಪ್ ತಾನಾಗಿ ಸರಿಯಾದ ಜಾಗಕ್ಕೆ ಬರಬೇಕು, ಎಳೆದು ಸೇರಿಸಿದರೆ ಮೊದಲ ದಿನದಿಂದಲೇ ಸ್ಟಡ್ ಮೇಲೆ ಭಾರ.

ಹಳೇ_ಡೀಸೆಲ್

ಹೆಡ್ ಕೂಡ ಬೀಡಿನದೇ ಇರುವ ಹಳೆಯ ಡೀಸೆಲ್ ಎಂಜಿನ್ನಿಗೂ ಇದೇ ಕ್ರಮವೇ?

ವೆಲ್ಡರ್_ಕೈ

ಬಹುಪಾಲು ಇದೇ, ವ್ಯತ್ಯಾಸ ವೆಲ್ಡಿಂಗ್‌ನಲ್ಲಿ. ಅಲ್ಯೂಮಿನಿಯಂ ಹೆಡ್‌ನಲ್ಲಿ ಉಕ್ಕಿನ ವೆಲ್ಡ್ ಪಕ್ಕಕ್ಕೆ ಚೆಲ್ಲಿದರೂ ರಂಧ್ರದ ಗೋಡೆಗೆ ಬೆಸೆಯುವುದಿಲ್ಲ. ಬೀಡಿಗೆ ಬೆಸೆಯುತ್ತದೆ, ಬೆಸೆದ ಜಾಗ ಗಾಜಿನಂತೆ ಗಡುಸಾಗಿ ಡ್ರಿಲ್ ಬಿಟ್ಟಿಗೂ ಜಗ್ಗುವುದಿಲ್ಲ. ಬೀಡು ಹೆಡ್‌ನಲ್ಲಿ ಸ್ಟಡ್ ಒಳಗೆ ಮುರಿದಿದ್ದರೆ ವೆಲ್ಡ್ ಬೇಡ, ಥ್ರೆಡ್ ಗೈಡ್ ಹಾಕಿ ಕೊರೆಯಿರಿ. ಹೊರಗೆ ಉಳಿದಿದ್ದರೆ ನಟ್ಟಿನ ಕೆಳಗೆ ಸಣ್ಣ ಬಾಯಿಯ ವಾಷರ್ ಇಟ್ಟು ವೆಲ್ಡ್ ಮಾಡಿ. ಬಿಸಿ ಸ್ಟಡ್ಡಿಗೇ ಕೊಡಿ, ಆರಲು ಬಿಡಿ, ನೀರು ಸುರಿಯಬೇಡಿ, ಬೀಡು ಬಿರಿಯುತ್ತದೆ.

ಟಾಪ್_ಗೇರ್_ಮಂಜು

ಹೊಸ ಸ್ಟಡ್ ಬರುವವರೆಗೆ ತುದಿಯ ಸ್ಟಡ್ ಇಲ್ಲದೆ ಓಡಿಸಬಹುದಾ?

ನೀರು_ಜ್ಯಾಕೆಟ್

ಬೇಡ. ನಾಲ್ಕನೇ ಪೋರ್ಟ್ ಫೈರ್‌ವಾಲ್ ಪಕ್ಕದಲ್ಲೇ ಇದೆ. ಅಲ್ಲಿ ಸೋರಿದ ಹೊಗೆ ಹೀಟರ್ ದಾರಿಯಿಂದಲೋ ಕೇಬಲ್ ತೂತಿನಿಂದಲೋ ಒಳಗೆ ಬರುತ್ತದೆ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬಿಸಿ ಜ್ವಾಲೆ ಸೋರಿದ ಸಂದಿಯಲ್ಲಿ ಹೆಡ್ಡಿನ ಮುಖವನ್ನೂ ಕೊರೆಯುತ್ತದೆ, ಆಗ ಹೊಸ ಗ್ಯಾಸ್ಕೆಟ್ ಕೂಡ ನಿಲ್ಲುವುದಿಲ್ಲ.

ಕಾರ್ಬ್ಯುರೇಟರ್_ಕಾಲ

ಎಲ್ಲರಿಗೂ ಧನ್ಯವಾದ. ಜೋಡಿಸಿದ ಮೇಲೆ ಸೋರಿಕೆ ಇಲ್ಲವೆಂದು ಖಚಿತ ಮಾಡಿಕೊಳ್ಳುವುದು ಹೇಗೆ? ನಟ್‌ಗಳನ್ನು ಮತ್ತೆ ಬಿಗಿ ಮಾಡಬೇಕೇ?

ಬೀಡು_ಮತ್ತು_ಉಕ್ಕು

ಸ್ಟಾರ್ಟ್ ಮಾಡುವ ಮೊದಲೇ ನೋಡಬಹುದು. ಗಾಳಿ ಊದುವ ಕಡೆಗೆ ಜೋಡಿಸಿದ ವ್ಯಾಕ್ಯೂಮ್ ಕ್ಲೀನರ್ ಹೋಸನ್ನು ಸೈಲೆನ್ಸರ್ ಬಾಯಿಗೆ ಬಟ್ಟೆ ಸುತ್ತಿ ಹಿಡಿದು, ಮ್ಯಾನಿಫೋಲ್ಡ್ ಅಂಚಿಗೆಲ್ಲ ಸೋಪಿನ ನೀರು ಸಿಂಪಡಿಸಿ. ಗುಳ್ಳೆ ಎದ್ದ ಕಡೆ ಸೋರಿಕೆ ಇದೆ. ನಂತರ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ಮೊದಲ ಎರಡು ನಿಮಿಷ ಕಿವಿಗೊಟ್ಟು ಕೇಳಿ, ಸಣ್ಣ ಸೋರಿಕೆ ಸದ್ದು ಮಾಡುವುದು ಆಗಲೇ.

ಹೊಸ ಗ್ಯಾಸ್ಕೆಟ್ ಮೊದಲ ಸಲ ಪೂರ್ತಿ ಕಾದಾಗ ಸ್ವಲ್ಪ ಕೂರುತ್ತದೆ. ಚೆನ್ನಾಗಿ ಓಡಿಸಿ, ರಾತ್ರಿಯೆಲ್ಲ ಆರಲು ಬಿಟ್ಟು, ತಣ್ಣಗಿರುವಾಗ ಅದೇ ಕ್ರಮದಲ್ಲಿ ಅದೇ ಟಾರ್ಕ್‌ಗೆ ಮತ್ತೊಮ್ಮೆ ನೋಡಿ. ಬಿಸಿಯಲ್ಲಿ ಬಿಗಿ ಮಾಡಬೇಡಿ. ಸುಮಾರು 500 ಕಿ.ಮೀ. ಆದ ಮೇಲೆ ಇನ್ನೊಂದು ಸಲ ನೋಡಿ. ಆಗಲೂ ತುದಿಯ ನಟ್ ಮಾತ್ರ ಸಡಿಲವಾಗಿದ್ದರೆ ಬಿಗಿ ಮಾಡಿ ಮುಗಿಸಬೇಡಿ, ಮ್ಯಾನಿಫೋಲ್ಡ್ ಬಿಚ್ಚಿ ಸ್ಟ್ರೇಟ್ ಎಡ್ಜ್ ಮತ್ತೆ ಇಡಿ.